ನೆಟ್ಟಗೆ ಮೇಷ್ಟ್ರ ಬಗ್ಗಿದ ಕೈ

"ಕೈ ನೆಟ್ಟಗೆ!"

ಬೆನ್ನ ಹಿಂದಿನಿಂದ ಬಂದ ಆ ಕೂಗಿಗೆ ಅವಳ ಎದೆ ಧಸಕ್ಕೆಂದಿತು. ಎತ್ತಿದ ಗಾಲ್ಫ್ ಕೋಲು ಎತ್ತಿದಲ್ಲೇ ನಿಂತಿತು.

"ಎಡಗೈ, ಎಡಗೈ! ಅದೇನು ಒಣಗಿದ ಎಲೆ ಹಾಗೆ ಮುರುಟಿಕೊಂಡಿದೆ? ಬಿಡಿಸಿ ಅದನ್ನ!"

ತಿರುಗಿ ನೋಡಿದಳು. ಬಿಸಿಲಿಗೆ ಬಣ್ಣ ಹೋದ ಟೋಪಿ, ಮೇಲಕ್ಕೆ ಮಡಿಸಿದ ಅಂಗಿಯ ತೋಳು, ಸೊಂಟದ ಮೇಲೆ ಎರಡು ಕೈ. ಮುಖ ಗಂಟಿಕ್ಕಿತ್ತು. ಆದರೆ ಕಣ್ಣು ಮಾತ್ರ ಆ ಗಂಟಿಗೂ ತನಗೂ ಸಂಬಂಧವೇ ಇಲ್ಲವೆನ್ನುವಂತೆ ನಗುತ್ತಿತ್ತು.

'ಅಯ್ಯೋ, ಸಿಕ್ಕಿಬಿದ್ದೆ!' ಎಂದುಕೊಂಡಳು ಹುಡುಗಿ.

ಅವಳು ಅಲ್ಲಿಗೆ ಆಡಲು ಬಂದವಳೇ ಅಲ್ಲ. ಅವಳ ಅಪ್ಪನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಲ್ಫ್ ಕ್ಲಬ್ಬಿನ ಗೋಡೆಗೆ ಹಳೆಯ ಗೆದ್ದವರ ಫೋಟೋಗಳು ಬೇಕಾಗಿದ್ದವು. ಅವನ್ನು ಕೊಡಲು ಬಂದಿದ್ದಳು. ಕ್ಲಬ್ಬಿನ ಗುಮಾಸ್ತ ಬೀಗದ ಕೈ ತರಲು ಒಳಗೆ ಹೋದವನು ಅಲ್ಲೇ ಬೇರು ಬಿಟ್ಟಿದ್ದ. ಕಾದು ಕಾದು ಸಾಕಾಗಿ, ಅಭ್ಯಾಸದ ಜಾಗದಲ್ಲಿ ಯಾರೋ ಬಿಟ್ಟು ಹೋಗಿದ್ದ ಕೋಲನ್ನು ಕೈಗೆತ್ತಿಕೊಂಡಿದ್ದಳು. ಅಷ್ಟೇ.

"ಹೊಸಬರಾ?"

"ಹೂಂ..." ಎಂದುಬಿಟ್ಟಳು. ಯಾಕೆ ಹಾಗೆಂದಳೋ ಅವಳಿಗೇ ಗೊತ್ತಾಗಲಿಲ್ಲ.

"ಹೊಸಬರಾದ್ರೂ ಹಳಬರಾದ್ರೂ ಕೈ ಕೈನೇ. ನೋಡಿ, ಚೆಂಡಿಗೆ ಹೊಡೆಯೋ ಮುಂಚೆ ಕೋಲನ್ನ ಹಿಂದಕ್ಕೆ ಎತ್ತುತ್ತೀವಲ್ಲ, ಅದೇ ಬ್ಯಾಕ್‌ಸ್ವಿಂಗು. ಆಗ ಎಡಗೈ ಉದ್ದಕ್ಕೆ ಚಾಚಿರಬೇಕು. ಬಲಗೈ ಮೊಣಕೈಯಲ್ಲಿ ಮಡಚಬೇಕು, ಮೊಣಕೈ ನೆಲ ನೋಡ್ತಿರಬೇಕು. ನೀವು ಮಾಡ್ತಿರೋದು ಪೂರ್ತಿ ಉಲ್ಟಾ. ಹೊಡೀರಿ, ನೋಡೋಣ."

ಹೊಡೆದಳು. ಚೆಂಡು ಮುಂದಿದ್ದ ಹಸಿರು ಬಯಲನ್ನೆಲ್ಲ ಬಿಟ್ಟು, ಪಕ್ಕಕ್ಕೆ ಹಾರಿ ಹೂಕುಂಡಕ್ಕೆ ಬಡಿಯಿತು.

"ಆಹಾ! ಇಷ್ಟು ದೊಡ್ಡ ಮೈದಾನ ನಿಮಗೆ ಸಾಲಲಿಲ್ಲ ಅಲ್ವಾ? ಎಷ್ಟು ಹೇಳಿದ್ರೂ ಕೈ ಬಗ್ಗಿಸೋದೇನು ಹಠವಾ?"

ಬೇರೆ ಹುಡುಗಿಯಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದಳೋ ಏನೋ. ಇವಳಿಗೆ ಮಾತ್ರ ಹೊಟ್ಟೆಯೊಳಗಿಂದ ಖುಷಿ ಉಕ್ಕಿ ಬಂತು... ಹೌದು, ಖುಷಿ!

ಯಾಕೆಂದರೆ, ವರ್ಷದ ಮೇಲಾಗಿತ್ತು ಅವಳನ್ನು ಯಾರಾದರೂ ಬೈದು.

ಹಿಂದಿನ ವರ್ಷ ಒಬ್ಬರ ಮನೆಯಲ್ಲಿ ದೊಡ್ಡ ಫ್ರೇಮೊಂದನ್ನು ಗೋಡೆಗೆ ಹಾಕುವಾಗ ಏಣಿ ಜಾರಿ ಬಿದ್ದಿದ್ದಳು. ಎಡಮೊಣಕೈಯ ಮೂಳೆ ಮುರಿದು ಕೂಡಿಕೊಂಡಿತು. ಕೂಡಿಕೊಂಡದ್ದೇನೋ ಸರಿ, ಆದರೆ ಕೈ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಬಗ್ಗಿಯೇ ಉಳಿಯಿತು. ನೋವಿಲ್ಲ, ಶಕ್ತಿಯೂ ಕಡಿಮೆಯಿಲ್ಲ, ನೆಟ್ಟಗಾಗದು, ಅಷ್ಟೇ. ಉದ್ದ ತೋಳಿನ ಅಂಗಿ ಹಾಕಿದರೆ ಯಾರಿಗೂ ತಿಳಿಯದು.

ಅವತ್ತಿನಿಂದ ಮನೆಯವರ ಬಾಯಲ್ಲಿ ಒಂದೇ ಮಾತು: "ಬಿಡು, ಬಿಡು, ನಾನು ಮಾಡ್ತೀನಿ." ಗಾಜಿನ ಹಾಳೆ ಎತ್ತಲು ಹೋದರೆ ಅಪ್ಪ ಓಡಿ ಬರುವರು. ನೀರಿನ ಕೊಡಕ್ಕೆ ಕೈ ಹಾಕಿದರೆ ಚಿಕ್ಕಮ್ಮ ಕಸಿದುಕೊಳ್ಳುವಳು. ಅಮ್ಮ ಹೋದ ಮೇಲೆ ಅವಳನ್ನು ಸಾಕಿದವಳು ಆ ಚಿಕ್ಕಮ್ಮನೇ. ಹಿಂದೆಲ್ಲ ಮಾತಿಗೊಂದು ಬೈಗುಳ ಇಡುತ್ತಿದ್ದವಳು ಈಗ ಹುಡುಗಿ ಹಾಲು ಉಕ್ಕಿಸಿದರೂ, "ಹೋಗ್ಲಿ ಬಿಡು ಕಂದ" ಎನ್ನುತ್ತಿದ್ದಳು. ಆ 'ಕಂದ' ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. 'ನಾನು ಗಾಜಿನ ಗೊಂಬೆಯಾ? ನನ್ನನ್ನ ಯಾರಾದ್ರೂ ಒಂದು ಸಲ ಸರಿಯಾಗಿ ಬೈಯಬಾರದಾ?'

ಈಗ ಬೈಯುವವನೊಬ್ಬ ಸಿಕ್ಕಿದ್ದ!

ಅಷ್ಟರಲ್ಲಿ ದಪ್ಪ ಹೊಟ್ಟೆಯ ಹಿರಿಯರೊಬ್ಬರು ಏದುಸಿರು ಬಿಡುತ್ತ ಬಂದರು. "ಏನ್ರೀ ಮೇಷ್ಟ್ರೇ, ಇದು ನನ್ನ ಪಾಠದ ಹೊತ್ತಲ್ವಾ? ನನ್ನ ಕೋಲು ಇವರ ಕೈಲಿ ಯಾಕಿದೆ?"

ಮೇಷ್ಟ್ರು ಅವರನ್ನು ನೋಡಿದ. ಇವಳನ್ನು ನೋಡಿದ. ಕಿವಿ ಕೆಂಪಾದವು.

"ಹಾಗಾದ್ರೆ... ನೀವು ಯಾರು?"

"ಫ್ರೇಮಿನ ಅಂಗಡಿಯವಳು."

"ಮತ್ತೆ ಇಷ್ಟು ಹೊತ್ತು ಯಾಕೆ ಸುಮ್ಮನೆ ಬೈಸಿಕೊಂಡ್ರಿ?"

"ನೀವು ಅಷ್ಟು ಮನಸಿಟ್ಟು ಬೈತಿದ್ರಿ. ನಡುವೆ ಬಾಯಿ ಹಾಕೋದು ಸರಿಯಲ್ಲ ಅನ್ನಿಸ್ತು."

ದಪ್ಪ ಹೊಟ್ಟೆಯವರು ಹೊಟ್ಟೆ ಕುಲುಕಿಸಿ ನಕ್ಕರು. ಮೇಷ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಂಡ. "ತಪ್ಪಾಯ್ತು. ಬೆಳಗ್ಗೆ ಹೆಂಗಸರ ತರಗತಿ ಇರುತ್ತೆ. ಇಷ್ಟವಿದ್ರೆ ಬನ್ನಿ, ಬೈದ ಪಾಪಕ್ಕೆ ನಾನೇ ಕಲಿಸ್ತೀನಿ."

ಬಂದಳು. ಮರುದಿನವೇ ಬಂದಳು!

* * *

ತರಗತಿಯ ಹೆಂಗಸರು ಅವನಿಗೆ ಇಟ್ಟ ಹೆಸರು 'ನೆಟ್ಟಗೆ ಮೇಷ್ಟ್ರು'. ಬಾಯಿ ಬಿಟ್ಟರೆ ಅದೇ ಮಾತು. ಯಾರನ್ನೂ ಮುಟ್ಟಿ ತಿದ್ದುವವನಲ್ಲ. ದೂರ ನಿಂತು, ಸಣ್ಣ ಕಡ್ಡಿಯೊಂದರಲ್ಲಿ ತೋರಿಸುತ್ತ, ಗಂಟಲು ಹರಿಯುವಂತೆ ಕೂಗುವವನು. ಬಲಕಂಕುಳಲ್ಲಿ ಒಂದು ಚಿಕ್ಕ ಟವೆಲ್ ಸಿಕ್ಕಿಸಿಕೊಂಡು ಕೋಲು ಎತ್ತಿ ಅನ್ನುವನು. ಮೊಣಕೈ ಮೈ ಬಿಟ್ಟು ಹಾರಿದರೆ ಟವೆಲ್ ಬೀಳಬೇಕು, ಅದು ಅವನ ಪರೀಕ್ಷೆ. ಹುಡುಗಿಯ ಟವೆಲ್ ಕಂಕುಳಿಗಿಂತ ನೆಲದ ಮೇಲೆ ಇದ್ದದ್ದೇ ಹೆಚ್ಚು.

"ನೆಲ ಒರೆಸೋಕೆ ಬಂದ್ರಾ, ಆಡೋಕೆ ಬಂದ್ರಾ?" ಅನ್ನುವನು.

"ನಿಮ್ಮ ಮೈದಾನ ಕೊಳಕಾಗಿದೆ, ಅದಕ್ಕೆ," ಅನ್ನುವಳು.

"ಮಾತು ನೆಟ್ಟಗೆ ಬರುತ್ತೆ. ಕೈ ಮಾತ್ರ ಬರಲ್ಲ!"

ಅವನಿಗೆ ಅವಳ ಕೈಯ ಗುಟ್ಟು ತಿಳಿದಿರಲಿಲ್ಲ. ಹೊಸಬರೆಲ್ಲ ಮೊದಮೊದಲು ಹೆದರಿ ಕೈ ಬಗ್ಗಿಸುವುದು ಸಹಜವೇ. ಇವಳ ಹೆದರಿಕೆ ಸ್ವಲ್ಪ ಹಠಮಾರಿ ಎಂದುಕೊಂಡಿದ್ದ. ಅವಳೂ ಹೇಳಲಿಲ್ಲ. 'ಹೇಳಿದ್ರೆ ಇವನೂ ಕಂದ ಅಂತಾನೆ... ಬೇಡಪ್ಪಾ ಬೇಡ!'

ಪಕ್ಕದಲ್ಲಿ ಆಡುತ್ತಿದ್ದ ದಂತವೈದ್ಯೆ ಒಂದು ದಿನ ಕಣ್ಣು ಮಿಟುಕಿಸಿದಳು. "ಏನೇ, ನಮಗೆಲ್ಲ ಒಂದೊಂದು ಬೈಗುಳ, ನಿನಗೆ ಲೆಕ್ಕವೇ ಇಲ್ಲ? ಮೇಷ್ಟ್ರು ಭೇದ ಮಾಡ್ತಾರಪ್ಪ!"

"ನನ್ನ ಆಟ ಅಷ್ಟು ಕೆಟ್ಟದು, ಡಾಕ್ಟ್ರೇ."

"ನನ್ನ ಆಟ ಇನ್ನೂ ಕೆಟ್ಟದು ಕಣೇ. ನನ್ನ ಕಡೆ ತಿರುಗಿಯೂ ನೋಡಲ್ಲ!"

ಹುಡುಗಿಯ ಕೆನ್ನೆ ಬಿಸಿಯಾಯಿತು. ಬಗ್ಗಿ, ಬೀಳದಿದ್ದ ಟವೆಲನ್ನು ಎತ್ತಿಕೊಳ್ಳಲು ಹೋದಳು.

ಇನ್ನೊಂದು ದಿನ ಅಂಗಡಿಯ ಕೆಲಸ ಹೆಚ್ಚಾಗಿ ಬರಲಾಗಲಿಲ್ಲ. ಮಾರನೆಯ ದಿನ ಅವನು ಮುಖ ನೋಡದೆ ಕೇಳಿದ, "ನಿನ್ನೆ ಯಾಕೆ ಬರಲಿಲ್ಲ?"

"ಯಾಕೆ? ನಿಮ್ಮ ಗಂಟಲಿಗೆ ರಜೆ ಸಿಕ್ಕಿತಲ್ಲ."

"ಸಿಕ್ತು... ಆದ್ರೆ ಗಂಟಲಿಗೆ ರಜೆ ಬೇಕಾಗಿರಲಿಲ್ಲ."

ಅಷ್ಟು ಹೇಳಿ, ಇಲ್ಲದ ಕೆಲಸವೊಂದನ್ನು ನೆನಪಿಸಿಕೊಂಡು ಹೊರಟೇಹೋದ. ಅವಳು ಆ ಮಾತನ್ನು ಮನೆಗೆ ತೆಗೆದುಕೊಂಡು ಹೋಗಿ, ಫ್ರೇಮಿನ ಪಟ್ಟಿ ಕೊಯ್ಯುವಾಗೊಮ್ಮೆ, ಮೊಳೆ ಹೊಡೆಯುವಾಗೊಮ್ಮೆ ತೆಗೆದು ತೆಗೆದು ನೋಡಿದಳು. ಅವತ್ತು ಒಂದು ಫೋಟೋವನ್ನು ತಲೆಕೆಳಗಾಗಿ ಕಟ್ಟು ಹಾಕಿಬಿಟ್ಟಳು. ಅಪ್ಪ ನೋಡಿದರು.

"ಹೋಗ್ಲಿ ಬಿಡಮ್ಮ," ಎಂದರು.

ಅವತ್ತು ಮಾತ್ರ ಅವಳಿಗೆ ಸಿಟ್ಟು ಬರಲಿಲ್ಲ.

* * *

ಹಾಳಾದದ್ದು ಚಿಕ್ಕಮ್ಮನ ಒಳ್ಳೆಯತನದಿಂದ.

ಹುಡುಗಿ ಬೆಳಗಾದರೆ ಎಲ್ಲಿಗೆ ಹೋಗುತ್ತಾಳೆಂದು ಬೆನ್ನು ಹತ್ತಿ ಬಂದವಳು, ಅವಳು ಕೋಲು ಬೀಸುವುದನ್ನು ಬೇಲಿಯ ಸಂದಿಯಿಂದ ನೋಡಿ ಬೆವೆತುಹೋದಳು. ಹುಡುಗಿ ಅತ್ತ ಹೋದದ್ದೇ ತಡ, ಮೇಷ್ಟ್ರ ಮುಂದೆ ನಿಂತಳು. "ಏನಪ್ಪಾ, ನಿನಗೆ ಕರುಣೆ ಅನ್ನೋದಿದೆಯಾ? ಏಣಿಯಿಂದ ಬಿದ್ದು ಮುರಿದ ಕೈ ಅದು! ನೆಟ್ಟಗೆ ನೆಟ್ಟಗೆ ಅಂತ ಅರಚ್ತೀಯಲ್ಲ, ಅದು ಈ ಜನ್ಮದಲ್ಲಿ ನೆಟ್ಟಗಾಗಲ್ಲ ಅಂತ ಡಾಕ್ಟ್ರೇ ಹೇಳಿದಾರೆ!"

ಇದೊಂದೂ ಗೊತ್ತಿಲ್ಲದ ಹುಡುಗಿ ಮರುದಿನ ಎಂದಿನಂತೆ ಬಂದಳು. ಕೋಲು ಎತ್ತಿದಳು. ಕೂಗಿಗಾಗಿ ಕಿವಿ ತೆರೆದಳು.

ಕೂಗಿಲ್ಲ.

ಟವೆಲ್ ಬಿತ್ತು. ಮಾತಿಲ್ಲ. ಚೆಂಡು ಉರುಳಿಕೊಂಡು ನಾಲ್ಕು ಮಾರು ಹೋಗಿ ನಿಂತಿತು.

"ಚೆನ್ನಾಗಿದೆ," ಎಂದ ಮೇಷ್ಟ್ರು, ಮೆಲ್ಲಗೆ.

ಅವಳು ಕೋಲು ಇಳಿಸಿದಳು. "ಚೆನ್ನಾಗಿದೆಯಾ? ಇದು?"

ಅವನು ಬಗ್ಗಿ ಮುಂದಿನ ಚೆಂಡನ್ನು ತಾನೇ ಅವಳ ಮುಂದಿಟ್ಟ. "ನಿಧಾನವಾಗಿ ಹೊಡೀರಿ. ಆಯಾಸ ಮಾಡ್ಕೋಬೇಡಿ."

ಅದೇ ದನಿ! ಅಪ್ಪನ ದನಿ, ಚಿಕ್ಕಮ್ಮನ ದನಿ!

"ನಿಮಗೆ ಯಾರು ಹೇಳಿದ್ರು?"

ಅವನು ಸುಳ್ಳು ಹೇಳಲು ಬಾರದವನು. "ನಿಮ್ಮ ಚಿಕ್ಕಮ್ಮ ಬಂದಿದ್ರು. ನನಗೆ ಗೊತ್ತಿರಲಿಲ್ಲ... ಇಷ್ಟು ದಿನ ನಾನು..."

"ಇಷ್ಟು ದಿನ ನೀವೊಬ್ಬರೇ ನನ್ನನ್ನ ಎಲ್ಲರ ಹಾಗೆ ನೋಡಿದ್ರಿ!" ಅವಳು ಚೆಂಡನ್ನು ಕೋಲಿನಿಂದ ಪಕ್ಕಕ್ಕೆ ತಳ್ಳಿದಳು. "ನೀವು ಬೈಯುವಾಗ ನನಗೆ ಎರಡೂ ಕೈ ಇದೆ ಅನ್ನಿಸ್ತಿತ್ತು. ಈಗ ಚೆಂಡು ಕೂಡ ಎತ್ತಿ ಇಡ್ತಿದೀರಾ. ಪಾಪ ಅನ್ನಿಸ್ತಾ?"

ಅವನು ಬಾಯಿ ತೆರೆದ. ಮೈದಾನದ ಆಚೆ ಬದಿಗೂ ಕೇಳುವಂತೆ ಕೂಗುವ ಮನುಷ್ಯನಿಗೆ ಎದುರಿಗೆ ನಿಂತ ಒಬ್ಬಳಿಗೆ ಹೇಳಲು ದನಿ ಸಾಲದೆ ಹೋಯಿತು.

ಅವಳು ಕೋಲನ್ನು ಚೀಲಕ್ಕೆ ಇಳಿಸಿ, ಹಿಂತಿರುಗಿ ನೋಡದೆ ನಡೆದಳು.

* * *

ಅಂಗಡಿಯಲ್ಲಿ ಆಮೇಲೆ ಬರೀ ಸುತ್ತಿಗೆಯ ಸದ್ದು. ಹುಡುಗಿ ಮೊಳೆ ಹೊಡೆಯುವ ರೀತಿ ನೋಡಿ ಅಪ್ಪ, "ಆ ಮೊಳೆ ಏನು ತಪ್ಪು ಮಾಡ್ತಮ್ಮ?" ಎಂದು ಕೇಳಿದರು.

ಚಿಕ್ಕಮ್ಮ ಸುತ್ತಮುತ್ತ ಸುಳಿದಾಡಿದಳು. "ನಾನು ಒಳ್ಳೇದಕ್ಕೇ ಹೇಳಿದ್ದು ಕಣೇ. ಅವನು ಹಾಗೆ ಅರಚೋದು ನೋಡಿ ನನ್ನ ಕರುಳು ಚುರುಕ್ ಅಂತು."

"ಅವರು ಅರಚಿದ್ರೆ ನನಗೆ ಹಿತವಾಗಿತ್ತು, ಚಿಕ್ಕಮ್ಮ."

"ಅರಚಿದ್ರೆ ಹಿತವಾ?" ಚಿಕ್ಕಮ್ಮ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಅಣ್ಣನಂತಿದ್ದ ಭಾವನ ಕಡೆ ತಿರುಗಿ, "ಭಾವಾ, ಈ ಹುಡುಗಿಗೆ ಕೈಗಿಂತ ದೊಡ್ಡದೇನೋ ಆಗಿದೆ," ಎಂದಳು.

ಹೀಗೇ ತಿಂಗಳೊಂದು ಕಳೆದು, ವಾರ್ಷಿಕ ಪಂದ್ಯದ ದಿನ ಬಂತು. ಕ್ಲಬ್ಬಿಗೆ ಕೊನೆಯ ದೊಡ್ಡ ಫ್ರೇಮೊಂದು ತಲುಪಬೇಕಿತ್ತು. ಅಪ್ಪ ಎತ್ತಲು ಬಗ್ಗಿದರು.

"ಅಪ್ಪಾ, ಬಿಡಿ. ನಾನೇ ಒಯ್ತೀನಿ."

ಅವಳ ಮುಖ ನೋಡಿದ ಅಪ್ಪ, ಮೊದಲ ಸಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

'ಫ್ರೇಮು ಕೊಟ್ಟು ಬಂದುಬಿಡೋದು. ಅವರ ಕಡೆ ನೋಡೋದೇ ಬೇಡ.' ದಾರಿಯುದ್ದಕ್ಕೂ ಹಾಗೆಂದುಕೊಂಡಳು. ಕ್ಲಬ್ಬಿನ ಬಾಗಿಲು ದಾಟಿದ ಕೂಡಲೇ ಮೊದಲು ಹುಡುಕಿದ್ದು ಆ ಬಣ್ಣಗೆಟ್ಟ ಟೋಪಿಯನ್ನೇ!

ಮೈದಾನದ ತುಂಬ ಜನ. ಬೇರೆ ಬೇರೆ ಕ್ಲಬ್ಬುಗಳ ಮೇಷ್ಟ್ರುಗಳು ಸೇರಿ ಆಡುವ ಆಟ ಅದು. ನಮ್ಮ ನೆಟ್ಟಗೆ ಮೇಷ್ಟ್ರೇ ಪ್ರತಿ ಸಲ ಗೆಲ್ಲುವುದು. ಈ ಸಲವೂ ಗೆಲ್ಲುವುದು ಖಂಡಿತ ಎಂದು ಎಲ್ಲರೂ ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡಿದ್ದರು.

ಅವನು ಚೆಂಡಿನ ಮುಂದೆ ನಿಂತ. ಕೋಲು ಹಿಂದಕ್ಕೆ ಎತ್ತಿದ.

ಎಡಗೈ ಬಗ್ಗಿತ್ತು!

ಚೆಂಡು ಅಡ್ಡಕ್ಕೆ ಹಾರಿ, ಚಹಾ ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆಯನ್ನು ಕೆಡವಿತು. ಗುಸುಗುಸು ಎದ್ದಿತು. ಅವನು ಮತ್ತೆ ಹೊಡೆದ. ಮತ್ತೆ ಬಗ್ಗಿದ ಕೈ. ಚೆಂಡು ಕೊಳಕ್ಕೆ ಬಿತ್ತು.

"ಅಯ್ಯೋ, ಮೇಷ್ಟ್ರಿಗೇನಾಯ್ತು?" ದಪ್ಪ ಹೊಟ್ಟೆಯವರು ತಲೆ ಮೇಲೆ ಕೈ ಹೊತ್ತರು. "ನಮಗೆ ಮಾತ್ರ ಬೈತಾರೆ, ನೋಡ್ರೀ!"

ಜನ ನಕ್ಕರು. ಹುಡುಗಿ ನಗಲಿಲ್ಲ. ಫ್ರೇಮು ಅಪ್ಪಿಕೊಂಡು ನಿಂತಲ್ಲೇ ಕಲ್ಲಾಗಿದ್ದಳು.

ಆ ಬಾಗು ಅವಳಿಗೆ ಗೊತ್ತಿತ್ತು. ಎಷ್ಟು ಎತ್ತರಕ್ಕೆ ಹೋಗಿ ಕೈ ಎಲ್ಲಿ ತಡೆಯುತ್ತದೆ, ಭುಜ ಎಲ್ಲಿ ಜಗ್ಗುತ್ತದೆ, ಎಲ್ಲವೂ ಗೊತ್ತಿತ್ತು. ಅಷ್ಟು ಜನರ ನಡುವೆ ಅವಳೊಬ್ಬಳಿಗೆ ಮಾತ್ರ ಗುರುತು ಸಿಗುವ ಬಾಗು ಅದು.

'ಅದು... ಅದು ನನ್ನ ಕೈ!'

* * *

ಪಂದ್ಯದ ಬಹುಮಾನದ ಕಪ್ಪು ಬೇರೆಯವರ ಪಾಲಾಯಿತು. ಮೇಷ್ಟ್ರು ಗೆದ್ದವರ ಕೈ ಕುಲುಕಿ, ನಗುನಗುತ್ತಲೇ ಅಲ್ಲಿಂದ ಜಾರಿಕೊಂಡ. ಸಲಕರಣೆಗಳ ಕೋಣೆಯ ಹಿಂದೆ, ಯಾರೂ ಇಲ್ಲದ ಅಭ್ಯಾಸದ ಜಾಗದಲ್ಲಿ ಅವಳಿಗೆ ಸಿಕ್ಕಿದ. ಅಂಗಿಯ ತೋಳು ಮೇಲೇರಿಸಿ ಮೊಣಕೈ ತಿಕ್ಕಿಕೊಳ್ಳುತ್ತಿದ್ದ.

"ಕೈ ತೋರ್ಸಿ," ಎಂದಳು.

ಅವನು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡ.

"ತೋರ್ಸಿ ಅಂದೆ!"

ತೋರಿಸಿದ. ಮೊಣಕೈಯ ಮೇಲೆ, ಕೆಳಗೆ, ಬಿಗಿಯಾಗಿ ಬಟ್ಟೆ ಸುತ್ತಿ ಎದ್ದ ಕೆಂಪು ಗೀರುಗಳು. ಕೆಲವು ಹಳೆಯವು, ಕೆಲವು ಹೊಸವು.

"ಏನಿದು?"

"ನಿಮ್ಮ ಕೈ ಎಷ್ಟು ಚಾಚುತ್ತೋ ಅಷ್ಟಕ್ಕೇ ನಿಲ್ಲೋ ಹಾಗೆ ನನ್ನ ಕೈ ಕಟ್ಟಿಕೊಂಡು ಆಡ್ತಿದ್ದೆ. ನಿಮ್ಮ ಚಿಕ್ಕಮ್ಮ ಬಂದ ದಿನದಿಂದ, ತರಗತಿ ಮುಗಿದ ಮೇಲೆ, ದಿನಾ."

"ಯಾಕೆ?"

"ಕಲಿಸೋಕೆ! ನನಗೆ ನೆಟ್ಟಗಿರೋ ಕೈಗೆ ಕಲಿಸೋದು ಮಾತ್ರ ಗೊತ್ತು. ನಿಮ್ಮ ಚಿಕ್ಕಮ್ಮ ಹೇಳಿದ ಮೇಲೆ, ನಿಮ್ಮ ಹೊಡೆತದಲ್ಲಿ ಯಾವುದು ಮೂಳೆಯ ತಪ್ಪು, ಯಾವುದು ನಿಮ್ಮ ತಪ್ಪು, ನನಗೇ ತಿಳೀಲಿಲ್ಲ. ತಿಳೀದೆ ಹೇಗೆ ಬೈಯಲಿ? ಅನ್ಯಾಯವಾಗಿ ಬೈಯೋದಕ್ಕಿಂತ ಬಾಯಿ ಮುಚ್ಚಿಕೊಂಡಿರೋದು ವಾಸಿ ಅನ್ನಿಸ್ತು. ಚೆಂಡು ಎತ್ತಿ ಇಟ್ಟದ್ದು..." ಅವನು ತಲೆ ಕೆರೆದುಕೊಂಡ. "ಅದು ತಪ್ಪೇ. ಏನು ಮಾಡ್ಬೇಕೋ ತೋಚದೆ ಇಟ್ಟೆ."

"ಹಾಗಾದ್ರೆ ಪಾಪ ಅಂತಲ್ಲ?"

"ನಿಮ್ಮನ್ನ ಕಂಡು ಪಾಪ ಅನ್ನೋದಾ? ನಿಮ್ಮ ಬಾಯಿಗೆ ಸಿಕ್ಕಿದ ನನ್ನನ್ನ ಕಂಡು ಜನ ಪಾಪ ಅಂತಾರೆ!"

ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಇವತ್ತು ಕೈ ಕಟ್ಟಿರಲಿಲ್ಲವಲ್ಲ? ಮತ್ತೆ ಯಾಕೆ ಬಗ್ಗಿತು?"

"ಅಭ್ಯಾಸ ಕೂತುಬಿಟ್ಟಿದೆ. ಕಟ್ಟು ಬಿಚ್ಚಿದ್ರೂ ಕೈ ಬಿಚ್ಚಲ್ಲ ಅನ್ನುತ್ತೆ. ಅರ್ಧ ನನ್ನ ಹೊಡೆತ, ಅರ್ಧ ನಿಮ್ಮದು. ಎರಡೂ ಸೇರಿ ಬಿಸ್ಕತ್ತಿನ ತಟ್ಟೆಗೆ ಹೋಯ್ತು."

"ನಿಮ್ಮ ಕಪ್ಪು ಹೋಯ್ತಲ್ಲ ನನ್ನಿಂದ..."

"ಹೋದ್ರೆ ಹೋಗ್ಲಿ. ದಾರಿ ಸಿಕ್ಕಿದೆ." ಅವನ ಕಣ್ಣು ಹೊಳೆಯಿತು. ಗೋಡೆಗೆ ಒರಗಿಸಿದ್ದ ಕೋಲನ್ನು ಅವಳ ಕಡೆ ಚಾಚಿದ. "ಹಿಡೀರಿ."

ಅವಳು ಫ್ರೇಮನ್ನು ಗೋಡೆಗೆ ಒರಗಿಸಿ ಕೋಲು ಹಿಡಿದಳು.

"ಎಡಗೈ ಬಗ್ಗಿದ್ರೆ ಬಗ್ಗಲಿ, ಅದರ ಪಾಡಿಗೆ ಬಿಡಿ. ಕೋಲನ್ನ ಅಷ್ಟು ಎತ್ತರಕ್ಕೆ ಎತ್ತೋದು ಬೇಡ. ಕೈ ಎಲ್ಲಿ ಸಾಕು ಅನ್ನುತ್ತೋ ಅಲ್ಲಿ ನಿಲ್ಲಿಸಿ, ಉಳಿದದ್ದನ್ನ ಬೆನ್ನು ತಿರುಗಿಸಿ ತುಂಬಿಸಿಕೊಳ್ಳಿ. ಬೆನ್ನು ಮುಂದಿನ ಬಯಲನ್ನ ನೋಡಬೇಕು. ಹೂಂ, ಹಾಗೆ... ಬಲಮೊಣಕೈ! ಬಲಮೊಣಕೈ ಎಲ್ಲಿಗೆ ಹೊರಟಿತು? ಊರು ಸುತ್ತೋಕಾ? ಅದು ಯಾವ ಏಣಿಯಿಂದಲೂ ಬಿದ್ದಿಲ್ಲ, ಅದಕ್ಕೆ ಯಾವ ಡಾಕ್ಟ್ರೂ ಕಾಗದ ಕೊಟ್ಟಿಲ್ಲ. ಅದು ಶುದ್ಧ ಸೋಮಾರಿತನ! ಇಳಿಸಿ ಕೆಳಗೆ!"

ಆ ಕೂಗು ಕೇಳಿ ಮರದ ಮೇಲಿನ ಹಕ್ಕಿಗಳು ಹಾರಿಹೋದವು. ಅವಳ ಎದೆಯಲ್ಲಿ ಅಷ್ಟು ದಿನ ಬಿಗಿದುಕೊಂಡಿದ್ದದ್ದೆಲ್ಲ ಒಂದೇ ಸಲ ಸಡಿಲವಾಯಿತು.

ಮೊಣಕೈ ಇಳಿಸಿದಳು. ಬೆನ್ನು ತಿರುಗಿಸಿದಳು. ಹೊಡೆದಳು.

ಟಕ್!

ಚೆಂಡು ಹಸಿರಿನ ಮೇಲೆ, ನಡುಮಧ್ಯದಲ್ಲಿ, ಹಾರಿ ಹಾರಿ ಹೋಗಿ, ಎಲ್ಲೋ ದೂರದಲ್ಲಿ ಬಿಳಿ ಚುಕ್ಕೆಯಾಗಿ ನಿಂತಿತು.

ಇಬ್ಬರೂ ಉಸಿರು ಬಿಡಲಿಲ್ಲ.

"ಚೆನ್ನಾಗಿದೆಯಾ?" ಅವಳು ಪಿಸುಗುಟ್ಟಿದಳು.

"ಪರವಾಗಿಲ್ಲ. ತಲೆ ಬೇಗ ಎತ್ತಿದ್ರಿ."

ಅವಳು ಗೊಳ್ಳೆಂದು ನಕ್ಕಳು. ಅವನೂ ನಕ್ಕ. ನಗು ನಿಂತ ಮೇಲೆ, ಅವನ ಮುಖದ ಗಂಟು ಮೊದಲ ಸಲ ಪೂರ್ತಿ ಬಿಚ್ಚಿಕೊಂಡಿತ್ತು.

"ಒಂದು ಮಾತು... ನೀವು ಬರೋದು ಬಿಟ್ಟ ಮೇಲೂ ನಾನು ಕೈ ಕಟ್ಟಿಕೊಳ್ಳೋದು ಬಿಡಲಿಲ್ಲ. ಕಲಿಸೋಕೆ ಶಿಷ್ಯೆಯೇ ಇಲ್ಲ, ಆದ್ರೂ ಬಿಡಲಿಲ್ಲ. ಆಗ ಗೊತ್ತಾಯ್ತು ನನಗೆ, ಇದು ಪಾಠದ ವಿಷಯ ಅಲ್ಲ ಅಂತ."

"ಮತ್ತೆ ಯಾವ ವಿಷಯ?"

"ನೀವಂದ್ರೆ ನನಗೆ ಪ್ರಾಣ. ಅದೇ ವಿಷಯ."

ಎಷ್ಟು ಮೆಲ್ಲಗೆ ಹೇಳಿದನೆಂದರೆ, ಮೈದಾನದಲ್ಲಿ ಯಾರೂ ಅವನಿಂದ ಅಂಥ ದನಿ ಕೇಳಿರಲಿಲ್ಲ.

ಅವಳು ಎಡಗೈ ಚಾಚಿದಳು. ಎಷ್ಟು ಚಾಚಲಾಗುತ್ತಿತ್ತೋ ಅಷ್ಟು. ಉಳಿದ ದೂರವನ್ನು ಅವನು ಬಂದು ತುಂಬಿಸಿದ. ಕೆಂಪು ಗೀರುಗಳ ಮೇಲೆ ಅವಳ ಬೆರಳು ನಿಂತಿತು.

"ಇನ್ನು ಮೇಲೆ ಕಟ್ಟಿಕೋಬೇಡಿ. ನನ್ನ ಕೈ ಹೇಗಿದೆ ಅಂತ ತಿಳೀಬೇಕಾದ್ರೆ ಹಿಡ್ಕೊಂಡು ನೋಡಿ."

ಬಹಳ ಹೊತ್ತು ಹಿಡಿದುಕೊಂಡೇ ನೋಡಿದ.

ಆಮೇಲೆ ಬಯಲಿನಲ್ಲಿ ಚೆಲ್ಲಿದ್ದ ಚೆಂಡುಗಳನ್ನು ಇಬ್ಬರೂ ಆರಿಸಿ ಬುಟ್ಟಿಗೆ ತುಂಬಿದರು. ಬುಟ್ಟಿ ಕಂಠಮಟ್ಟ ತುಂಬಿತು. ಅವಳು ಅದನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಟಳು. ಅವನ ಕೈ ಅರೆಕ್ಷಣ ಮುಂದಕ್ಕೆ ಬಂತು. ಅದನ್ನು ಹಿಂದಕ್ಕೆಳೆದು, ಬೆನ್ನಿಗೆ ಕಟ್ಟಿಕೊಂಡು, ಅವಳ ಪಕ್ಕದಲ್ಲೇ ನಡೆದ.

"ಭಾರ ಇದೆಯಾ?"

"ಇದೆ."

"ಹೊತ್ಕೊಂಡು ಬನ್ನಿ ಹಾಗಾದ್ರೆ. ನಿಮ್ಮ ಅಪ್ಪನ ಹತ್ರ ಏನು ಮಾತಾಡ್ಲಿ ಅಂತ ನಾನು ಯೋಚನೆ ಮಾಡ್ಬೇಕು. ಅದೂ ಭಾರವೇ."

"ಅದನ್ನ ನೀವೊಬ್ಬರೇ ಹೊರಬೇಡಿ," ಎಂದಳು ಅವಳು. "ಅದಕ್ಕೆ ನಾನು ಜೊತೆ ಇರ್ತೀನಿ."